ಹಿಮಗಿರಿಯ ಮಡಿಲಲ್ಲಿ ಮದುವೆ: ಯೋಜಿಸುವ ಮನೆತನಗಳಿಗೆ ಕೆಲವು ವಿಚಾರಗಳು

ಹಿಂದೆ ನಮ್ಮ ಊರುಗಳಲ್ಲಿ ಮದುವೆಯೆಂದರೆ ಮನೆಯ ಮುಂದಿನ ಅಂಗಳದಲ್ಲಿಯೇ ಹಂದರ ಏಳುತ್ತಿತ್ತು. ಹಾಲಗಂಬವನ್ನು ನೆಟ್ಟು, ಕುಂಬಾರರ ಮನೆಯಿಂದ ಐರಾಣಿಯನ್ನು ತಂದು, ಓಣಿಯ ಜನರೆಲ್ಲ ಕೂಡಿ ಕಾರ್ಯವನ್ನು ಸಾಗಿಸುತ್ತಿದ್ದರು. ಕಾಲ ಸರಿದಂತೆ ಆ ಮಂಗಳಕಾರ್ಯವು ಮಠಗಳ ಸಮುದಾಯ ಭವನಗಳಿಗೂ ಬಳಿಕ ಪಟ್ಟಣದ ಕಲ್ಯಾಣ ಮಂಟಪಗಳಿಗೂ ಸಾಗಿತು. ಇಂದು ನಮ್ಮ ಮಕ್ಕಳಲ್ಲಿ ಕೆಲವರು ಇನ್ನೂ ದೂರಕ್ಕೆ ಕಣ್ಣು ಹಾಯಿಸುತ್ತಿದ್ದಾರೆ. ಚಳಿಗಾಲದಲ್ಲಿ, ಹಿಮ ಹಾಸಿದ ಬೆಟ್ಟದ ಬುಡದಲ್ಲಿ ಮಾಂಗಲ್ಯಧಾರಣೆಯಾಗಬೇಕೆಂಬ ಆಸೆ ಅವರದು. ಇದನ್ನು ಅವರು ‘ಡೆಸ್ಟಿನೇಷನ್ ವೆಡ್ಡಿಂಗ್’ ಎನ್ನುತ್ತಾರೆ. ಇಂತಹ ಮಾತು ಮನೆಯಲ್ಲಿ ಎದ್ದಾಗ ತಂದೆತಾಯಿಗಳು ಒಂದೋ ಗದರಿ ಸುಮ್ಮನಾಗಿಸುತ್ತಾರೆ, ಇಲ್ಲವೇ ಮಕ್ಕಳ ಹಟಕ್ಕೆ ಮಣಿದು ಎಲ್ಲವನ್ನೂ ಯಾವುದೋ ವ್ಯವಸ್ಥಾಪಕರ ಕೈಗೆ ಒಪ್ಪಿಸಿಬಿಡುತ್ತಾರೆ. ಈ ಎರಡೂ ಮಾರ್ಗಗಳು ಸಮಂಜಸವೆನಿಸುವುದಿಲ್ಲ.

ಹಿಮದ ನಾಡಿನಲ್ಲಿ ಮದುವೆ ಮಾಡುವುದು ತಪ್ಪೇನೂ ಅಲ್ಲ, ಅಸಾಧ್ಯವೂ ಅಲ್ಲ. ಆದರೆ ಅದನ್ನು ಯೋಜಿಸುವಾಗ ಒಂದು ಅಳತೆಗೋಲು ಕೈಯಲ್ಲಿರಬೇಕು. ವಧುವಿನ ಅಥವಾ ವರನ ಅಜ್ಜಿ ತನ್ನ ಕೈಯಾರೆ ಅಕ್ಕಿಕಾಳು ಹಾಕಿ ಹರಸಲು ಆ ಸ್ಥಳಕ್ಕೆ ಬರಬಲ್ಲರೇ, ಬಂದು ಕ್ಷೇಮವಾಗಿ ಮನೆಗೆ ಮರಳಬಲ್ಲರೇ? ಈ ಪ್ರಶ್ನೆಗೆ ಹೌದೆಂಬ ಉತ್ತರ ದೊರೆಯುವಂತೆ ಸ್ಥಳ, ಕಾಲ, ಊಟ, ವಾಹನಗಳೆಲ್ಲವನ್ನೂ ಹೊಂದಿಸಿಕೊಂಡಲ್ಲಿ ಉಳಿದ ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಈ ದೃಷ್ಟಿಯಿಂದ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡಲಾಗಿದೆ.

ಹಿಮಾಲಯವು ನಮಗೆ ಹೊರಗಿನದಲ್ಲ

ಹಿಮವೆಂದೊಡನೆ ಸ್ವಿಟ್ಜರ್ಲೆಂಡಿನ ಚಿತ್ರ ಕಣ್ಮುಂದೆ ಬರುವುದು ಇಂದಿನವರಿಗೆ ಸಹಜ. ಆದರೆ ಕನ್ನಡ ನಾಡಿನ ಲಿಂಗವಂತ ಮನೆತನಗಳಿಗೆ ಹಿಮಾಲಯದೊಡನೆ ಬಹುಕಾಲದ ನಂಟಿದೆ. ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರ ಪೀಠವು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಊಖೀಮಠದಲ್ಲಿದೆ. ಕೇದಾರನಾಥ ದೇವಾಲಯದ ರಾವಲರೂ ಅವರ ಕೈಕೆಳಗಿನ ಅರ್ಚಕರೂ ದಕ್ಷಿಣದ ವೀರಶೈವ ಜಂಗಮ ಪರಂಪರೆಯವರು. ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿರುವ ಕೇದಾರನಾಥದ ಬಾಗಿಲು ದೀಪಾವಳಿಯ ಬಳಿಕ ಮುಚ್ಚುತ್ತದೆ. ಆಗ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಬಿಜಯಂಗೈಸುತ್ತಾರೆ. ಚಳಿಗಾಲದ ಪೂಜೆಯೆಲ್ಲವೂ ಅಲ್ಲಿಯೇ ನಡೆಯುತ್ತದೆ. ಮರುವರ್ಷ ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಇದೇ ಊಖೀಮಠದಲ್ಲಿ ಘೋಷಿಸುವ ಸಂಪ್ರದಾಯವಿದೆ.

ಊಖೀಮಠಕ್ಕೆ ಮದುವೆಯ ಸ್ಥಳಪುರಾಣವೊಂದು ಕೂಡಿಕೊಂಡಿರುವುದು ಗಮನಾರ್ಹ. ಬಾಣಾಸುರನ ಮಗಳಾದ ಉಷೆಗೂ ಶ್ರೀಕೃಷ್ಣನ ಮೊಮ್ಮಗನಾದ ಅನಿರುದ್ಧನಿಗೂ ಇಲ್ಲಿ ವಿವಾಹವಾಯಿತೆಂದೂ ಉಷೆಯ ಹೆಸರಿನಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಅಲ್ಲಿನ ಜನ ಹೇಳುತ್ತಾರೆ. ಅಲ್ಲಿಂದ ಮೇಲಕ್ಕೆ, ಅದೇ ಜಿಲ್ಲೆಯ ತ್ರಿಯುಗೀನಾರಾಯಣವು ಶಿವಪಾರ್ವತಿಯರ ಕಲ್ಯಾಣ ನಡೆದ ಸ್ಥಳವೆಂಬ ನಂಬಿಕೆಯಿಂದ ಪ್ರಸಿದ್ಧವಾಗಿದೆ. ಅಲ್ಲಿನ ದೇವಾಲಯದಲ್ಲಿ ಕಲ್ಯಾಣದ ಅಗ್ನಿಯೆಂದು ಭಾವಿಸಲಾದ ಧುನಿಯನ್ನು ಆರಲು ಬಿಡದೆ ಕಾಯ್ದುಕೊಂಡು ಬಂದಿದ್ದಾರೆ. ದೇಶದ ನಾನಾ ಭಾಗಗಳ ವಧೂವರರು ಈಗ ಅಲ್ಲಿಗೆ ಬರುತ್ತಿದ್ದಾರೆ. 2023ರ ಡಿಸೆಂಬರಿನಲ್ಲಿ ಡೆಹ್ರಾಡೂನಿನ ಹೂಡಿಕೆದಾರರ ಸಮಾವೇಶದಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು, ವಿದೇಶಗಳಲ್ಲಿ ಮದುವೆ ಮಾಡುವ ಸಿರಿವಂತರು ಉತ್ತರಾಖಂಡದತ್ತ ಬರಲೆಂದು ಕರೆಕೊಟ್ಟ ಮೇಲೆ ಈ ಬಯಕೆ ಇನ್ನಷ್ಟು ಹಬ್ಬಿತು.

ಸ್ಥಳದ ಆಯ್ಕೆ

ಗಢವಾಲ ಪ್ರಾಂತದಲ್ಲಿ ಹಿಮವನ್ನು ಬಯಸುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಔಲಿ. ಚಮೋಲಿ ಜಿಲ್ಲೆಯ ಈ ಇಳಿಜಾರು ಸುಮಾರು 2,500ರಿಂದ 3,050 ಮೀಟರ್ ಎತ್ತರದಲ್ಲಿದ್ದು, ಹಿಮಜಾರಾಟಕ್ಕೆ ಹೆಸರಾಗಿದೆ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳು ಇಲ್ಲಿ ನಡೆದವು. ನೋಟದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಔಲಿಗೆ ಹೋಗುವ ದಾರಿಯಲ್ಲಿರುವ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದು 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟುದನ್ನು ಮರೆಯಲಾಗದು. ಜೋಶಿಮಠದಿಂದ ಔಲಿಗೆ ಸಾಗುತ್ತಿದ್ದ ರೋಪ್‌ವೇಯನ್ನೂ ಆಗ ನಿಲ್ಲಿಸಲಾಯಿತು. ಆದುದರಿಂದ ಇಲ್ಲಿಗೆ ಹೋಗುವವರು ರಸ್ತೆಯೊಂದನ್ನೇ ನೆಚ್ಚಿಕೊಂಡು ಲೆಕ್ಕ ಹಾಕಬೇಕು. ಹಿಮ ಹೆಚ್ಚಾದ ದಿನ ಆ ರಸ್ತೆಯೂ ಜಾರುತ್ತದೆ.

ಎರಡನೆಯದು ತ್ರಿಯುಗೀನಾರಾಯಣ. ಸುಮಾರು 1,980 ಮೀಟರ್ ಎತ್ತರದ ಈ ಹಳ್ಳಿಗೆ ಸೋನಪ್ರಯಾಗದಿಂದ ಸುಮಾರು 12 ಕಿಲೋಮೀಟರ್ ಏರುದಾರಿಯಿದೆ. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಇಲ್ಲಿ ಹಿಮ ಬೀಳುತ್ತದೆ. ಆದರೆ ಬಿದ್ದೇ ತೀರುವುದೆಂಬ ಭರವಸೆಯಿಲ್ಲ. ಇಲ್ಲಿನ ವಿವಾಹವಿಧಿಯು ಧುನಿಯನ್ನು ಕೇಂದ್ರವಾಗಿಸಿಕೊಂಡಿದ್ದು, ಅಲ್ಲಿನ ಅರ್ಚಕರು ತಮ್ಮ ಪದ್ಧತಿಯಂತೆ ನಡೆಸುತ್ತಾರೆ. ಗುರುಲಿಂಗಜಂಗಮರ ಸನ್ನಿಧಿಯಲ್ಲಿ ತಮ್ಮ ಕ್ರಮದಂತೆಯೇ ಕಾರ್ಯವಾಗಬೇಕೆನ್ನುವ ಮನೆತನಗಳು ಈ ಭೇದವನ್ನು ಮೊದಲೇ ತಿಳಿದು ಮಾತಾಡಿಕೊಳ್ಳುವುದು ಲೇಸು. ಮಂಟಪದಲ್ಲಿ ಕುಳಿತ ಮೇಲೆ ಚರ್ಚೆ ಏಳಬಾರದು.

ಮೂರನೆಯದು, ಮದುವೆಯನ್ನು ಊಖೀಮಠದಲ್ಲಿ ನೆರವೇರಿಸಿ, ಹಿಮವನ್ನು ನೋಡಲು ಚೋಪ್ತಾದ ಕಡೆಗೆ ಹೋಗಿಬರುವುದು. ಊಖೀಮಠದ ಎತ್ತರ ಸುಮಾರು 1,300 ಮೀಟರ್. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ಇದು ಎಷ್ಟೋ ಕೆಳಗಿದೆ. ಚಳಿ ಉಂಟು, ಆದರೆ ಹಿಮ ಬೀಳುವುದು ಅಪರೂಪ, ರಸ್ತೆ ಬಹುಮಟ್ಟಿಗೆ ತೆರೆದಿರುತ್ತದೆ. ಎದುರಿಗೆ ಹಿಮಶಿಖರಗಳ ಸಾಲು ಕಾಣುತ್ತದೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಚೋಪ್ತಾವು 2,700 ಮೀಟರ್ ಸನಿಹದಲ್ಲಿದ್ದು, ಮಾಘಮಾಸದಲ್ಲಿ ಸಾಮಾನ್ಯವಾಗಿ ಹಿಮವನ್ನು ಹೊದ್ದಿರುತ್ತದೆ. ದಾರಿ ಮೇಲುಗಡೆ ಮುಚ್ಚಿದ್ದರೂ ವಾಹನ ಹೋಗುವಷ್ಟು ದೂರ ಹೋಗಿ, ಹಿಮವನ್ನು ಮುಟ್ಟಿ ಹಿಂದಿರುಗಬಹುದು.

ಈ ಮೂರರಲ್ಲಿ ಮೂರನೆಯದೇ ನಮ್ಮ ಮನೆತನಗಳಿಗೆ ಒಪ್ಪುವಂತಹುದೆಂದು ನನ್ನ ಅಭಿಪ್ರಾಯ. ಮಾಂಗಲ್ಯಧಾರಣೆಯನ್ನು ಹಿಮಕ್ಕೆ ಕಟ್ಟಿಹಾಕಬಾರದು. ಕಾರ್ಯವು ಹಿಮದ ಗೆರೆಯ ಕೆಳಗೆ, ಮುದುಕರೂ ಮಕ್ಕಳೂ ನಿರಾಯಾಸವಾಗಿ ಉಸಿರಾಡುವಲ್ಲಿ ನಡೆಯಲಿ. ಹಿಮವು ಮರುದಿನದ ಸಂತೋಷವಾಗಲಿ. ಅದು ಬಾರದಿದ್ದರೂ ಮದುವೆಗೆ ಕೊರತೆಯಾಗುವುದಿಲ್ಲ.

ಕರೆದಾಗ ಬಾರದ ಅತಿಥಿ

ಹಿಮವು ಲಗ್ನಪತ್ರಿಕೆಯನ್ನು ಓದಿ ಬರುವ ಅತಿಥಿಯಲ್ಲ. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗವೇ ಬಹುದಿನ ಹಿಮವಿಲ್ಲದೆ ಬರಿದಾಗಿ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮದ ಕೊರತೆಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. 2,650 ಮೀಟರ್ ಎತ್ತರದ ಗುಲ್ಮಾರ್ಗದ ಪಾಡೇ ಹೀಗಾದರೆ ಉಳಿದೆಡೆಗಳ ಮಾತೇನು? ಪಶ್ಚಿಮದಿಂದ ಬೀಸಿಬರುವ ಚಳಿಗಾಲದ ಮಾರುತಗಳು ಯಾವ ವಾರ ಮಳೆಹಿಮಗಳನ್ನು ತರುವುವೆಂಬುದನ್ನು ಹವಾಮಾನ ಇಲಾಖೆಯು ಕೆಲವೇ ದಿನಗಳ ಮುನ್ನ ಹೇಳಬಲ್ಲದು. ಆರು ತಿಂಗಳ ಮುನ್ನ ಯಾರೂ ಹೇಳಲಾರರು. ಹಿಮದ ಭರವಸೆಯನ್ನು ಕೊಟ್ಟು ಮುಂಗಡ ಕೇಳುವವರ ಮಾತಿಗೆ ಮರುಳಾಗಬಾರದು.

ಇನ್ನು ಮಾಸದ ವಿಚಾರ. ಪಂಚಾಂಗವನ್ನು ಅನುಸರಿಸುವ ಮನೆಗಳಲ್ಲಿ ಪುಷ್ಯಮಾಸದಲ್ಲಿಯೂ, ಡಿಸೆಂಬರ್ ನಡುವಿನಿಂದ ಸಂಕ್ರಮಣದವರೆಗಿನ ಧನುರ್ಮಾಸದಲ್ಲಿಯೂ ಮದುವೆ ಮಾಡುವುದಿಲ್ಲ. ಶರಣರ ಮಾರ್ಗದಂತೆ ಎಲ್ಲ ದಿನಗಳೂ ಶುಭವೆನ್ನುವ ಮನೆಗಳಿಗೆ ಈ ಕಟ್ಟು ಇಲ್ಲ. ಎರಡು ಮನೆತನಗಳ ನಡೆ ಬೇರೆ ಬೇರೆಯಾಗಿದ್ದಲ್ಲಿ ನಿಶ್ಚಿತಾರ್ಥದ ದಿನವೇ ಇದನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಅನುಕೂಲವೆಂದರೆ, ಗಢವಾಲದ ಬೆಟ್ಟಗಳಲ್ಲಿ ಹಿಮವು ದಟ್ಟವಾಗುವುದು ಜನವರಿಯ ಕೊನೆಯಿಂದ ಫೆಬ್ರವರಿಯವರೆಗೆ. ಅದೇ ಮಾಘಮಾಸದ ಕಾಲ. ಆದಕಾರಣ ಪಂಚಾಂಗ ನೋಡುವವರಿಗೂ ನೋಡದವರಿಗೂ ಈ ಅವಧಿ ಒಗ್ಗುತ್ತದೆ. ಡಿಸೆಂಬರ್, ಜನವರಿಗಳಲ್ಲಿ ದೆಹಲಿಯ ಬಯಲುಸೀಮೆಯನ್ನು ಕವಿಯುವ ದಟ್ಟ ಮಂಜಿನಿಂದ ರೈಲು ವಿಮಾನಗಳು ಗಂಟೆಗಟ್ಟಲೆ ತಡವಾಗುವುದುಂಟು. ಆ ತೊಂದರೆಯೂ ಫೆಬ್ರವರಿಗೆ ತಗ್ಗುತ್ತ ಬರುತ್ತದೆ. ಹಾಗಿದ್ದರೂ ಮುಹೂರ್ತಕ್ಕೆ ಮೊದಲು ಒಂದು ಪೂರ್ಣ ದಿನವನ್ನು ಖಾಲಿಯಾಗಿ ಇಟ್ಟುಕೊಳ್ಳದೆ ಯಾರೂ ಹೊರಡಬಾರದು.

ಪ್ರಯಾಣ ಮತ್ತು ಆರೋಗ್ಯ

ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನದಲ್ಲಿ ಹೋಗಬಹುದು. ರೈಲಿನವರು ದೆಹಲಿಯ ಮೂಲಕ ಹರಿದ್ವಾರ ಅಥವಾ ಋಷಿಕೇಶವನ್ನು ಸೇರಬೇಕು. ಅಲ್ಲಿಂದ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗಗಳನ್ನು ಹಾದು ಊಖೀಮಠಕ್ಕೆ ಸುಮಾರು 180 ಕಿಲೋಮೀಟರ್. ನಮ್ಮ ಬಯಲಿನ ರಸ್ತೆಯಲ್ಲಿ ಇದು ಮೂರು ನಾಲ್ಕು ಗಂಟೆಯ ಮಾತು. ಆ ಬೆಟ್ಟದ ತಿರುವುಗಳಲ್ಲಿ ಇಡೀ ಹಗಲು ಬೇಕು. ಕತ್ತಲಾದ ಮೇಲೆ ಆ ದಾರಿಯಲ್ಲಿ ಪ್ರಯಾಣ ಸಲ್ಲದು. ಬಂದ ದಿನ ಋಷಿಕೇಶದಲ್ಲಿ ತಂಗಿ, ಮರುದಿನ ಬೆಳಗ್ಗೆ ಹೊರಡುವುದು ಉತ್ತಮ. ಅರವತ್ತು ಜನರ ನಿಬ್ಬಣವಾದರೆ ಹನ್ನೆರಡು ಜನ ಹಿಡಿಸುವ ಐದು ಟೆಂಪೋ ಟ್ರಾವೆಲರ್‌ಗಳು ಬೇಕಾಗುತ್ತವೆ. ಆರನೆಯದೊಂದು ಕೆಟ್ಟುಹೋದುದಕ್ಕೆ ಬದಲಿಯಾಗಿ, ಅನಾರೋಗ್ಯವಾದವರನ್ನು ಕೆಳಗೆ ಕರೆದೊಯ್ಯಲು ಸಿದ್ಧವಿರಲಿ. ಚಾಲಕರು ಬೆಟ್ಟದ ದಾರಿಯನ್ನು ಬಲ್ಲ ಅಲ್ಲಿನವರೇ ಆಗಿರಬೇಕು. ಅವರಿಗೂ ಬೆಚ್ಚಗಿನ ಕೋಣೆ, ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನಿದ್ದೆ ದೊರೆಯಬೇಕು. ನಿದ್ದೆಗೆಟ್ಟ ಚಾಲಕನ ಕೈಯಲ್ಲಿ ಇಡೀ ಬಳಗದ ಪ್ರಾಣವಿರುತ್ತದೆ.

ಎತ್ತರದ ಪರಿಣಾಮವನ್ನು ಲಘುವಾಗಿ ಎಣಿಸಬಾರದು. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಊಖೀಮಠದಲ್ಲಿ 10 ಡಿಗ್ರಿ ಇದ್ದ ಹೊತ್ತಿನಲ್ಲಿ ಚೋಪ್ತಾದಲ್ಲಿ ಹೆಚ್ಚುಕಡಿಮೆ ಒಂದೇ ಡಿಗ್ರಿ ಇರುತ್ತದೆ. ಗಾಳಿಯ ಒತ್ತಡವೂ ಹೀಗೆಯೇ ಕುಗ್ಗುತ್ತದೆ. 3,000 ಮೀಟರ್ ಎತ್ತರದಲ್ಲಿ ಪ್ರತಿಯೊಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕ, ಸಮುದ್ರತೀರದಲ್ಲಿ ದೊರೆಯುವುದರ ಹತ್ತರಲ್ಲಿ ಏಳು ಪಾಲು ಮಾತ್ರ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆಗೇಡುಗಳು ಕಾಣಿಸಿಕೊಳ್ಳಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ತಡಮಾಡದೆ ಕೆಳಗಿಳಿಸುವುದೇ ಮೊದಲ ಚಿಕಿತ್ಸೆ. ಹೃದ್ರೋಗ, ಉಬ್ಬಸ, ಅಧಿಕ ರಕ್ತದೊತ್ತಡಗಳಿರುವವರೂ ಗರ್ಭಿಣಿಯರೂ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಂಡು ಒಪ್ಪಿಗೆ ಪಡೆಯಲಿ. ದಿನನಿತ್ಯದ ಔಷಧಿಗಳನ್ನು ಎರಡು ಪಾಲು ಮಾಡಿ ಎರಡು ಚೀಲಗಳಲ್ಲಿ ಇಟ್ಟುಕೊಳ್ಳಲಿ. ರುದ್ರಪ್ರಯಾಗದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಗಢವಾಲದ ಶ್ರೀನಗರದಲ್ಲಿ ವೈದ್ಯಕೀಯ ಕಾಲೇಜಿದೆ. ಋಷಿಕೇಶದಲ್ಲಿ ಏಮ್ಸ್ ಇದೆ. ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕೆಂಬುದನ್ನು ಬಳಗದ ಇಬ್ಬರು ತರುಣರು ಮೊದಲೇ ತಿಳಿದಿರಲಿ.

ಇನ್ನೊಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಚಳಿಗೆ ಹೆದರಿ ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟುಕೊಂಡು ಮಲಗಿದವರು ಬೆಳಗಿಗೆ ಏಳದೆ ಹೋದ ಘಟನೆಗಳು ಉತ್ತರ ಭಾರತದಲ್ಲಿ ಚಳಿಗಾಲ ಬಂದಾಗಲೆಲ್ಲ ವರದಿಯಾಗುತ್ತವೆ. ಆ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಚ್ಚಲುಮನೆಯಲ್ಲಿಟ್ಟ ಗ್ಯಾಸ್ ಗೀಸರಿನದೂ ಇದೇ ಅಪಾಯ. ಕೋಣೆಗಳನ್ನು ಗೊತ್ತುಮಾಡುವಾಗ ಬಿಸಿ ಮಾಡುವ ವಿಧಾನ ಯಾವುದೆಂದು ಕೇಳಿ ತಿಳಿಯಬೇಕು; ಕೆಂಡವನ್ನು ಒಳಗಿಟ್ಟು ಮಲಗಲು ಯಾರಿಗೂ ಬಿಡಬಾರದು.

ಶಾಸ್ತ್ರಗಳ ಹಂಚಿಕೆ

ನಮ್ಮ ಮದುವೆಯ ಎಲ್ಲ ಶಾಸ್ತ್ರಗಳನ್ನೂ ಬೆಟ್ಟಕ್ಕೆ ಹೊತ್ತೊಯ್ಯುವ ಅವಶ್ಯಕತೆಯಿಲ್ಲ. ಹಂದರ, ಹಾಲಗಂಬ, ಐರಾಣಿ, ಅರಿಶಿಣ, ನಡೆದುಬಂದಿರುವ ಮನೆಗಳಲ್ಲಿ ಗುಗ್ಗಳ, ಇವೆಲ್ಲವೂ ಊರಿನ ನೆರೆಹೊರೆಯವರ ಕೈಗೂಡಿಕೆಯಿಂದ ಸೊಗಸುಗೊಳ್ಳುವಂತಹವು. ಕುಂಬಾರರು, ಹೂಗಾರರು, ಬಾಜಾಬಜಂತ್ರಿಯವರು ತಲೆಮಾರುಗಳಿಂದ ಈ ಕಾರ್ಯಗಳಲ್ಲಿ ಪಾಲುಗೊಂಡಿದ್ದಾರೆ. ಇವುಗಳನ್ನು ಊರಿನಲ್ಲಿಯೇ ಪೂರೈಸಿದಲ್ಲಿ ಅವರ ಮರ್ಯಾದೆಯೂ ಉಳಿಯುತ್ತದೆ, ದೂರ ಬರಲಾಗದ ಬಂಧುಗಳಿಗೂ ಮದುವೆಯ ಸಂಭ್ರಮ ದೊರೆಯುತ್ತದೆ. ಗುರುಗಳ ಸನ್ನಿಧಿಯಲ್ಲಿ ನಡೆಯುವ ಮುಖ್ಯ ಕಾರ್ಯವಷ್ಟೇ ಊಖೀಮಠದಲ್ಲಿ ಆಗಲಿ. ಪಂಚಕಳಶಗಳ ಕ್ರಮವಾದರೂ ಸರಿ, ಶರಣಪದ್ಧತಿಯ ಸರಳ ಕ್ರಮವಾದರೂ ಸರಿ, ಅದಕ್ಕೆ ಬೇಕಾಗುವ ಸಾಮಗ್ರಿ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ವಿಭೂತಿ, ರುದ್ರಾಕ್ಷಿ, ಮಾಂಗಲ್ಯ, ಬಾಸಿಂಗ, ಅಕ್ಕಿಕಾಳುಗಳನ್ನು ಜೊತೆಯಲ್ಲಿಯೇ ಒಯ್ಯಬೇಕು. ಮಲ್ಲಿಗೆ ಹೂ, ವೀಳ್ಯದೆಲೆ, ಬಾಳೆಯೆಲೆಗಳು ಕೊರೆಯುವ ಚಳಿಗೆ ಕಪ್ಪಾಗುತ್ತವೆ. ಅವುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಕೋಣೆಯ ಒಳಗೇ ಇಡಬೇಕು.

ಓಂಕಾರೇಶ್ವರ ದೇವಾಲಯವು ಪೂಜಾಸ್ಥಾನ. ಅಲ್ಲಿ ದರ್ಶನವಲ್ಲದೆ ಬೇರೆ ಕಾರ್ಯವನ್ನು ನಡೆಸುವ ಇಚ್ಛೆಯಿದ್ದಲ್ಲಿ ದೇವಾಲಯದ ಆಡಳಿತದವರಿಗೆ ಬರೆದು, ಲಿಖಿತ ಅನುಮತಿ ಪಡೆದ ಬಳಿಕವೇ ಲಗ್ನಪತ್ರಿಕೆಯನ್ನು ಮುದ್ರಿಸತಕ್ಕದ್ದು. ಇಲ್ಲವಾದಲ್ಲಿ ತಂಗುವ ವಸತಿಗೃಹದ ಸಭಾಂಗಣದಲ್ಲಿಯೇ ಮಂಟಪ ಕಟ್ಟಿ, ಕಾರ್ಯದ ನಂತರ ವಧೂವರರನ್ನು ದರ್ಶನಕ್ಕೆ ಕರೆದೊಯ್ಯಬಹುದು. ಕಾರ್ಯವನ್ನು ನಡೆಸುವ ಸ್ವಾಮಿಗಳನ್ನು ಊರಿನಿಂದ ಕರೆದೊಯ್ಯುವುದಾದರೆ ಅವರ ಪ್ರಯಾಣ, ಪ್ರತ್ಯೇಕ ಕೋಣೆ, ಪೂಜೆಯ ಏರ್ಪಾಡುಗಳನ್ನು ಎಲ್ಲರಿಗಿಂತ ಮೊದಲು ಗೊತ್ತುಪಡಿಸಬೇಕು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ವಧೂವರರಲ್ಲಿ ಯಾರಾದರೊಬ್ಬರ ರೂಢಿಯ ವಿಧಿಯಂತೆ ನಡೆದ ವಿವಾಹವನ್ನು ಅದು ಮಾನ್ಯಮಾಡುತ್ತದೆ. ಆದಕಾರಣ ಬೇರೆ ಪ್ರಾಂತಕ್ಕೆ ಹೋದೆವೆಂದು ಅಲ್ಲಿನ ವಿಧಿಯನ್ನೇ ಅನುಸರಿಸಬೇಕಾದ ಕಟ್ಟುಪಾಡಿಲ್ಲ. ನೋಂದಣಿಯನ್ನು ಎಲ್ಲಿ ಮಾಡಿಸಬೇಕು, ಯಾವ ಯಾವ ದಾಖಲೆ ಬೇಕು, ಸಾಕ್ಷಿಗಳು ಯಾರಿರಬೇಕು ಎಂಬುದನ್ನು ಹೊರಡುವ ಮುನ್ನವೇ ತಮ್ಮ ಊರಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ನೀರು, ಅಡುಗೆ, ಉಡುಗೆ

ಇಷ್ಟಲಿಂಗ ಪೂಜೆಯಾಗದೆ ನಮ್ಮ ಹಿರಿಯರು ಬಾಯಿಗೆ ಏನನ್ನೂ ಹಾಕುವುದಿಲ್ಲ. ಅವರು ನಸುಕಿನಲ್ಲಿಯೇ ಎದ್ದು ಸ್ನಾನಕ್ಕೆ ಸಿದ್ಧರಾಗುತ್ತಾರೆ. ಆ ಹೊತ್ತಿಗೆ ನಲ್ಲಿಯಲ್ಲಿ ಬಿಸಿನೀರು ಬರುವುದೇ? ವಿದ್ಯುತ್ತು ಹೋದರೆ ಬದಲಿ ಏರ್ಪಾಡೇನು? ಚಳಿ ಹೆಚ್ಚಿದ ರಾತ್ರಿ ಕೊಳವೆಯ ನೀರೇ ಹೆಪ್ಪುಗಟ್ಟಿದರೆ ಸೌದೆಯ ಒಲೆಯ ಮೇಲೆ ಹಂಡೆಯಿಟ್ಟು ಕಾಯಿಸಿ ಕೊಡುವವರಿದ್ದಾರೆಯೇ? ಅಲಂಕಾರದ ದೀಪಗಳ ವಿಚಾರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವು. ಬೆಳಗಿನ ಪೂಜೆ ನೆಮ್ಮದಿಯಿಂದ ಆದ ಹಿರಿಯರು ದಿನವಿಡೀ ನಗುಮುಖದಿಂದಿರುತ್ತಾರೆ.

ಎತ್ತರಕ್ಕೆ ಹೋದಂತೆ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯತೊಡಗುತ್ತದೆ. ಊಖೀಮಠದಲ್ಲಿ ಅದು ಸುಮಾರು 96 ಡಿಗ್ರಿಗೆ, ಚೋಪ್ತಾದಲ್ಲಿ ಸುಮಾರು 91 ಡಿಗ್ರಿಗೆ ಕುದಿಯುತ್ತದೆ. ನೀರು ಕುದಿಯುತ್ತಿದ್ದರೂ ಬೇಳೆ ಬೇಯುವುದಿಲ್ಲವೆಂದು ನಮ್ಮ ಅಡುಗೆಯವರು ಅಲ್ಲಿ ತಬ್ಬಿಬ್ಬಾಗುವುದು ಇದರಿಂದಲೇ. ದೊಡ್ಡ ಕುಕ್ಕರುಗಳು ಬೇಕು, ಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಅಡುಗೆ ಅನಿಲದ ಸಿಲಿಂಡರ್ ಹೊರಗಿನ ಚಳಿಯಲ್ಲಿದ್ದರೆ ಒತ್ತಡ ಇಳಿದು ಉರಿ ಕುಂದುತ್ತದೆ. ಅದನ್ನು ಬೆಂಕಿಗೆ ಹಿಡಿದು ಬಿಸಿಮಾಡುವ ಸಾಹಸವನ್ನು ಯಾರೂ ಮಾಡಕೂಡದು. ಹೆಚ್ಚುವರಿ ಸಿಲಿಂಡರುಗಳನ್ನು ಇಟ್ಟುಕೊಂಡು ಬದಲಿಸುತ್ತಿರಬೇಕು. ಬಡಿಸಿದ ಅನ್ನ ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ, ತುಪ್ಪ ಗಟ್ಟಿಯಾಗುತ್ತದೆ. ಆದುದರಿಂದ ಚಿಕ್ಕ ಚಿಕ್ಕ ಪಂಕ್ತಿಗಳಲ್ಲಿ, ಅಡುಗೆಮನೆಗೆ ಹತ್ತಿರದಲ್ಲಿಯೇ ಬಡಿಸುವುದು ಒಳ್ಳೆಯದು.

ಇಲ್ಲೊಂದು ಸಂತೋಷದ ಸಂಗತಿಯನ್ನು ತಿಳಿಸಬೇಕು. ಗಢವಾಲದ ಹಳ್ಳಿಗರ ಊಟವು ನಮ್ಮ ಊಟಕ್ಕೆ ಬಹು ಹತ್ತಿರದ್ದು. ಅವರು ‘ಮಂಡುವಾ’ ಎನ್ನುವುದು ನಮ್ಮ ರಾಗಿಯೇ. ಅದರ ರೊಟ್ಟಿಯನ್ನು ತುಪ್ಪದೊಡನೆ ಉಣ್ಣುತ್ತಾರೆ. ಅವರ ‘ಗಹತ್’ ನಮ್ಮ ಹುರುಳಿ. ‘ಝಂಗೋರಾ’ ಎಂಬುದು ನಮ್ಮ ಊದಲು. ಅದರ ಪಾಯಸ ಅಲ್ಲಿ ಪ್ರಸಿದ್ಧ. ಹೋಳಿಗೆಯನ್ನು ಊರಿನಿಂದ ಒಯ್ದು, ಉಳಿದ ಅಡುಗೆಯನ್ನು ಅಲ್ಲಿನ ಹೆಣ್ಣುಮಕ್ಕಳ ಕೈಯಿಂದಲೇ ಮಾಡಿಸಿದಲ್ಲಿ ಚಳಿಗೆ ತಕ್ಕ ಊಟವೂ ಆಯಿತು, ಹಳ್ಳಿಗೆ ನಾಲ್ಕು ಕಾಸೂ ಸೇರಿತು. ವಾದ್ಯಕ್ಕೆ ಅಲ್ಲಿನ ಢೋಲ್ ದಮಾವುಗಳಿವೆ. ನಗರದಿಂದ ಧ್ವನಿವರ್ಧಕಗಳನ್ನು ಹೊತ್ತೊಯ್ಯಬೇಕಾಗಿಲ್ಲ.

ಉಡುಗೆಯ ವಿಷಯದಲ್ಲಿ ಹೆಣ್ಣುಮಕ್ಕಳು ಚಿಂತಿಸುವ ಕಾರಣವಿಲ್ಲ. ಇಳಕಲ್ಲಿನ ಸೀರೆಯಾಗಲಿ ಮೈಸೂರಿನ ರೇಷ್ಮೆಯಾಗಲಿ, ಒಳಗೆ ಉಣ್ಣೆಯ ತೆಳು ಉಡುಪು ಧರಿಸಿ ಉಡಬಹುದು. ಪುರುಷರ ಧೋತರದೊಳಗೂ ಅದೇ ಉಪಾಯ. ಮಂಟಪದಲ್ಲಿ ಪಾದರಕ್ಷೆ ಇರುವುದಿಲ್ಲವಾದ್ದರಿಂದ ನೆಲಕ್ಕೆ ಹಲಗೆ ಹಾಸಿ, ಮೇಲೆ ದಪ್ಪ ಕಂಬಳಿ ಹಾಸಬೇಕು. ಹಿಮಕ್ಕೆ ಹೋಗುವ ದಿನ ಕಪ್ಪು ಕನ್ನಡಕ ಎಲ್ಲರಿಗೂ ಅವಶ್ಯಕ. ಹೊಸ ಹಿಮವು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎರಚುವುದರಿಂದ ಕಣ್ಣು ಉರಿದು, ತಾತ್ಕಾಲಿಕವಾಗಿ ದೃಷ್ಟಿ ಮಂಕಾಗುವುದುಂಟು.

ವೆಚ್ಚವೂ ಕರೆಯೂ

ಊರಿನ ಮದುವೆಗೆ ಸಾವಿರ ಜನ ಬರುತ್ತಾರೆ. ಬೆಟ್ಟದ ಮದುವೆಗೆ ಅರವತ್ತೇ ಜನ. ಆದುದರಿಂದ ಖರ್ಚು ಕಡಿಮೆಯೆಂದು ಕೆಲವರು ಲೆಕ್ಕ ಹಾಕುತ್ತಾರೆ. ಆದರೆ ಆ ಅರವತ್ತು ಜನರ ವಿಮಾನ, ವಾಹನ, ನಾಲ್ಕು ರಾತ್ರಿಯ ವಸತಿ, ಊಟ ಎಲ್ಲವೂ ಕರೆದವರ ಹೆಗಲಿಗೇ ಬರುತ್ತದೆ. ಬಂದವರೇ ತಮ್ಮ ಟಿಕೆಟನ್ನು ಕೊಳ್ಳಬೇಕೆಂದರೆ, ಸ್ಥಿತಿವಂತರಲ್ಲದ ಚಿಕ್ಕಪ್ಪ, ಸೋದರತ್ತೆಯರು ಏನೋ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾರೆ. ಹೊರಗೆ ನಕ್ಕರೂ ಒಳಗೆ ನೊಂದುಕೊಳ್ಳುತ್ತಾರೆ. ಕರೆಯುವ ಪಟ್ಟಿಯನ್ನು ಬರೆಯುವಾಗ ಯಾರು ಬಂದರೆ ಶೋಭೆಯೆಂದು ಯೋಚಿಸುವ ಬದಲು, ಯಾರು ಬಾರದಿದ್ದರೆ ಮದುವೆ ಅಪೂರ್ಣವೆಂದು ಯೋಚಿಸಬೇಕು. ಅಂತಹವರ ಪ್ರಯಾಣದ ವೆಚ್ಚವನ್ನು ಸದ್ದಿಲ್ಲದೆ ಭರಿಸುವ ಶಕ್ತಿಯಿದ್ದರೆ ಮಾತ್ರ ಈ ಯೋಜನೆಗೆ ಕೈಹಾಕಬೇಕು.

ಇನ್ನೊಂದು ಕಹಿಮಾತು. ಇಂತಹ ಮದುವೆಯ ಬಯಕೆ ಬಹುಶಃ ವಧೂವರರಿಬ್ಬರದೂ ಆಗಿರುತ್ತದೆ. ಹೊರೆ ಮಾತ್ರ ಹೆಣ್ಣು ಹೆತ್ತವರ ಮೇಲೆ ಬೀಳುತ್ತದೆ. ಇದು ನ್ಯಾಯವಲ್ಲ. ಬೀಗರಿಬ್ಬರೂ ಎದುರುಬದುರು ಕುಳಿತು, ಒಟ್ಟು ವೆಚ್ಚವನ್ನು ಕಾಗದದ ಮೇಲೆ ಬರೆದು, ಸಮನಾಗಿ ಹಂಚಿಕೊಳ್ಳಬೇಕು. ದುಡಿಯುವ ವಧೂವರರು ತಮ್ಮ ಗಳಿಕೆಯಿಂದ ಪಾಲು ಕೊಡಬೇಕು. ಸಾಲ ಮಾಡಿ ಹಿಮ ನೋಡುವ ಅಗತ್ಯ ಯಾರಿಗೂ ಇಲ್ಲ. ವಸತಿಗೃಹ, ವಾಹನಗಳೊಡನೆ ಮಾಡಿಕೊಳ್ಳುವ ಕರಾರಿನಲ್ಲಿ, ರಸ್ತೆ ಮುಚ್ಚಿದರೆ ಅಥವಾ ದಿನ ಮುಂದೆ ಹೋದರೆ ಮುಂಗಡದ ಗತಿಯೇನು ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ಬಾಯಿಮಾತು ಬೆಟ್ಟದಲ್ಲಿ ನಿಲ್ಲುವುದಿಲ್ಲ. ಮದುವೆಯ ನಂತರ ಊರಿನಲ್ಲಿ ಒಂದು ಸರಳ ಪ್ರಸಾದದ ಏರ್ಪಾಡು ಮಾಡಿ, ಬಾರದಿದ್ದವರೆಲ್ಲರೂ ಮಕ್ಕಳನ್ನು ಹರಸುವಂತಾಗಲಿ.

ಬೆಟ್ಟದ ಋಣ

2019ರ ಜೂನ್ ತಿಂಗಳಿನಲ್ಲಿ ಔಲಿಯಲ್ಲಿ ಸಿರಿವಂತ ಮನೆತನವೊಂದರ ಎರಡು ಮದುವೆಗಳು ನಡೆದವು. ಅದು ಹಿಮದ ಕಾಲವಲ್ಲದಿದ್ದರೂ ಬೆಟ್ಟದ ಮದುವೆಯನ್ನು ಯೋಚಿಸುವವರೆಲ್ಲ ಅದರಿಂದ ಪಾಠ ಕಲಿಯಬೇಕು. ಪ್ರಕರಣವು ನೈನಿತಾಲದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಪರಿಸರಕ್ಕೆ ಹಾನಿಯಾದಲ್ಲಿ ಭರಿಸುವುದಕ್ಕಾಗಿ 3 ಕೋಟಿ ರೂಪಾಯಿ ಠೇವಣಿಯಿಡಲು ನ್ಯಾಯಾಲಯವು ಆದೇಶಿಸಿತು. ಹೆಲಿಕಾಪ್ಟರುಗಳು ಅಲ್ಲಿ ಇಳಿಯುವುದನ್ನೂ ತಡೆಯಿತು. ಸಮಾರಂಭ ಮುಗಿದ ಮೇಲೆ ಆ ಹುಲ್ಲುಗಾವಲಿನಿಂದ ನೂರಾರು ಕ್ವಿಂಟಲ್ ಕಸವನ್ನು ಹೊರಸಾಗಿಸಬೇಕಾಯಿತು. ಎತ್ತರದ ಚಳಿಯಲ್ಲಿ ಎಲೆ, ಅನ್ನಗಳೂ ಬೇಗ ಕೊಳೆಯುವುದಿಲ್ಲ. ಪ್ಲಾಸ್ಟಿಕ್ಕಂತೂ ಹಿಮದಡಿ ಹುದುಗಿದ್ದು, ಕರಗಿದ ನೀರಿನೊಡನೆ ಮಂದಾಕಿನಿ ಅಲಕನಂದೆಯರನ್ನು ಸೇರುತ್ತದೆ. 2013ರ ಜೂನ್‌ನಲ್ಲಿ ಕೇದಾರದ ಕಣಿವೆಯು ಕಂಡ ಪ್ರಳಯದ ನೆನಪು ಆ ಜನರ ಮನಸ್ಸಿನಿಂದ ಮಾಸಿಲ್ಲ. ಅಂತಹ ನೆಲದಲ್ಲಿ ಪಟಾಕಿಯ ಸದ್ದು, ಕಾಗದದ ಚೂರುಗಳ ಮಳೆ, ರಾತ್ರಿಯೆಲ್ಲ ಕುಣಿತಗಳು ಶೋಭಿಸುವುದಿಲ್ಲ. ಉಕ್ಕಿನ ತಟ್ಟೆ ಲೋಟಗಳಲ್ಲಿ ಉಣ್ಣಬೇಕು. ತಂದ ಪೊಟ್ಟಣಗಳ ಹೊದಿಕೆಯನ್ನೆಲ್ಲ ಚೀಲದಲ್ಲಿ ತುಂಬಿ ಋಷಿಕೇಶಕ್ಕೆ ಮರಳಿ ಒಯ್ಯಬೇಕು. ನಿಬ್ಬಣ ಹೊರಟ ಮೇಲೆ ಅಲ್ಲಿ ಮದುವೆ ನಡೆದ ಗುರುತೇ ಉಳಿದಿರಬಾರದು.

ದಾಸೋಹದ ಮನೆಗಳಲ್ಲಿ ಬೆಳೆದ ನಮಗೆ ಇವೇನೂ ಹೊಸ ಮಾತುಗಳಲ್ಲ. ಬಂದವರಿಗೆ ಬಿಸಿ ಊಟ, ದುಡಿದವರಿಗೆ ಪೂರ್ಣ ಕೂಲಿ, ಹಿರಿಯರಿಗೆ ಮೊದಲ ಆಸನ, ನೆಲಕ್ಕೆ ನೋವಾಗದ ನಡೆ, ಇವಿಷ್ಟು ಇದ್ದಲ್ಲಿ ಮದುವೆಯು ಊರ ಅಂಗಳದಲ್ಲಾದರೂ ಒಂದೇ, ಹಿಮಗಿರಿಯ ಮಡಿಲಲ್ಲಾದರೂ ಒಂದೇ. ಮುಂದಿನ ಮಾಘಮಾಸಕ್ಕೆ ಇಂತಹ ಕಾರ್ಯವನ್ನು ಬಯಸುವ ಮನೆತನಗಳು ಈಗಿನಿಂದಲೇ ಹಿರಿಯರನ್ನೂ ಮಕ್ಕಳನ್ನೂ ಒಂದೆಡೆ ಕೂರಿಸಿ, ಈ ಪ್ರಶ್ನೆಗಳನ್ನು ಒಂದೊಂದಾಗಿ ಚರ್ಚಿಸಲಿ. ಎಲ್ಲಕ್ಕೂ ಸಮಾಧಾನದ ಉತ್ತರ ದೊರೆತರೆ ಧೈರ್ಯವಾಗಿ ಹೊರಡಲಿ. ದೊರೆಯದಿದ್ದರೆ ಮಕ್ಕಳು ಮದುವೆಯನ್ನು ಊರಿನಲ್ಲಿ ಮಾಡಿಕೊಂಡು, ಆಮೇಲೆ ತಾವಿಬ್ಬರೇ ಹೋಗಿ ಹಿಮವನ್ನು ನೋಡಿಬರಲಿ. ಹಿರಿಯರ ಹರಕೆ ಎರಡು ದಾರಿಗಳಲ್ಲಿಯೂ ಅವರೊಡನಿರುತ್ತದೆ. ಎಲ್ಲ ವಧೂವರರಿಗೂ ಶುಭವಾಗಲಿ.